ಗೋಡೆಗೆ ಮುಖ ಮಾಡಿ ಬರೆದ ಅಳತೆ

ಬೀದಿಯವರು ಬೆನ್ನ ಹಿಂದೆ ತನ್ನನ್ನು ರೇಡಿಯೊ ಅಕ್ಕ ಎಂದು ಕರೆಯುತ್ತಾರೆಂಬುದು ಅವಳಿಗೆ ಗೊತ್ತಿತ್ತು. ಬೇಸರವಿರಲಿಲ್ಲ. ಸುಮ್ಮನಿರುವವರನ್ನು ಈ ಲೋಕದಲ್ಲಿ ಯಾರು ವಿಚಾರಿಸುತ್ತಾರೆ, ರೇಡಿಯೊ ಕೆಟ್ಟು ನಿಂತರೆ ನಾಲ್ಕು ಜನ ಬಂದು ತಲೆಗೆ ಬಡಿದಾದರೂ ನೋಡುತ್ತಾರೆ ಎಂಬುದು ಅವಳ ವಾದ. ಹರಳು ಹುರಿದಂತೆ ಮಾತಾಡುತ್ತಿದ್ದಳು. ಗುಂಡಿ ಹಚ್ಚುವಾಗ ಮಾತು, ಕಾಜಾ ಹೊಲಿಯುವಾಗ ಮಾತು, ತುಟಿಗಳ ನಡುವೆ ನಾಲ್ಕು ಗುಂಡುಪಿನ್ನು ಕಚ್ಚಿಕೊಂಡಿದ್ದರೆ ಪಿನ್ನುಗಳ ಸಂದಿಯಿಂದಲೂ ಮಾತು.

ಆ ಮಾತಿನ ಕೆಳಗೆ ಇಪ್ಪತ್ತಾರು ವರ್ಷ ಕೊಡೆ ಹಿಡಿಯದೆ ನಿಂತವರು ಅವಳ ಗಂಡ. ಕೋಟು ಹೊಲಿಯುವ ಅಂಗಡಿಯ ಮಾಸ್ಟರ್. ಅವರ ಬಾಯಿಂದ ದಿನಕ್ಕೆ ಹತ್ತು ಮಾತು ಬಂದರೆ ಹೆಚ್ಚು. "ಆಗ್ಲಿ", "ನೋಡೋಣ", ಮತ್ತೆ ಗಿರಾಕಿ ಯಾವಾಗ ಬರಲಿ ಎಂದು ಕೇಳಿದರೆ, "ಸೋಮವಾರ". ಯಾವ ಸೋಮವಾರ ಎಂದು ಅವರು ಹೇಳಿದವರಲ್ಲ, ಗಿರಾಕಿಗಳೂ ಕೇಳಿದವರಲ್ಲ.

ಅವರು ಗಂಟಲು ಬಿಚ್ಚುತ್ತಿದ್ದುದು ಅಳತೆ ತೆಗೆಯುವಾಗ ಮಾತ್ರ. ಅಂಗಡಿಯ ಕ್ರಮವೇ ಹಾಗಿತ್ತು. ಕಿಟಕಿಯ ಬೆಳಕಿಗೆ ಕಟಿಂಗ್ ಟೇಬಲ್, ಎಡಗೋಡೆಗೆ ಎರಡು ಮೆಷೀನು, ಒಳಗಿನ ಗೋಡೆಗೆ ಎದೆಮಟ್ಟದ ಹಲಗೆ, ಹಲಗೆಯ ಮೇಲೆ ಅಳತೆ ಪುಸ್ತಕ. ಮಾಸ್ಟರ್ ಗಿರಾಕಿಯ ಮೈಗೆ ಟೇಪು ಹಿಡಿದು ಅಂಕಿ ಕೂಗುವುದು. ರೇಡಿಯೊ ಅಕ್ಕ ಗೋಡೆಗೆ ಮುಖ ಮಾಡಿ ನಿಂತು ಬರೆದುಕೊಳ್ಳುವುದು. ಉದ್ದ, ಭುಜ, ಎದೆ, ಸೊಂಟ, ತೋಳು, ಕತ್ತು, ಇದೇ ವರಸೆ, ಅದರಲ್ಲಿ ಬದಲಿಲ್ಲ. ಆದ್ದರಿಂದ ಅಂಗದ ಹೆಸರು ಹೇಳುವ ಗೊಡವೆಯಿಲ್ಲ, ಬರೀ ಅಂಕಿ. ಗೋಡೆಗೆ ಯಾಕೆ ಮುಖ ಎಂದರೆ, ಅವಳು ಹೊಸದಾಗಿ ಮದುವೆಯಾಗಿ ಬಂದಾಗ ಹೆಣ್ಣುಮಗಳ ಎದುರು ಗಂಡಸರು ಹೊಟ್ಟೆಯನ್ನು ಬೆನ್ನಿಗೆ ಅಂಟಿಸಿಕೊಂಡು ನಿಲ್ಲುತ್ತಿದ್ದರು. ಹಾಗೆ ತೆಗೆದ ಅಳತೆಯ ಕೋಟು ಊಟವಾದ ಮೇಲೆ ಗುಂಡಿ ಕಿತ್ತುಕೊಳ್ಳುತ್ತಿತ್ತು. ಅತ್ತೆಯೇ ತೀರ್ಪು ಕೊಟ್ಟಿದ್ದರು: "ನೀನು ಗೋಡೆ ನೋಡ್ಕೊಂಡು ಬರಿಯಮ್ಮ, ಅವರ ಹೊಟ್ಟೆ ಅವರಿಗಿರ್ಲಿ." ಅಂದಿನಿಂದ ಕೂಗಿದ್ದೇ ಅಳತೆ, ಕೇಳಿದ್ದೇ ಬರಹ. ಒಂದು ಅಂಕಿಯೂ ತಪ್ಪಿಲ್ಲವೆಂದು ಅವಳಿಗೆ ಹೆಮ್ಮೆ. ಟೇಪಿನ ಮುಖವನ್ನು ಅವಳು ಸರಿಯಾಗಿ ನೋಡಿಯೇ ಇರಲಿಲ್ಲ.

ಒಂದು ಬೆಳಿಗ್ಗೆ ಮಾಸ್ಟರ್ ಕೈಯಿಂದ ಸೀಮೆಸುಣ್ಣದ ಬಿಲ್ಲೆ ಜಾರಿತು. ಎತ್ತಿಕೊಳ್ಳಲು ಬಗ್ಗಿದವರು ಬಗ್ಗಿಯೇ ಉಳಿದರು. ಲಕ್ವ ಹೊಡೆದಿತ್ತು. ಹನ್ನೊಂದು ದಿನ ಆಸ್ಪತ್ರೆ. ಕಾಲು ಪೂರ್ತಿ ಉಳಿಯಿತು, ಬಲಗೈ ಮುಕ್ಕಾಲು ಉಳಿಯಿತು. ಮಾತಿನ ಮನೆಯಲ್ಲಿ ಮಾತ್ರ ಎಲ್ಲ ಗುಡಿಸಿ ಹೋಗಿ ಒಂದೇ ಒಂದು ಪದ ಮೂಲೆಯಲ್ಲಿ ಉಳಿದುಬಿಟ್ಟಿತ್ತು.

"ನಿಮ್ಮ ಹೆಸರೇನು?" ಎಂದರು ದೊಡ್ಡ ಡಾಕ್ಟರು.

"ಸೋಮವಾರ."

"ಎಲ್ಲಿ ನೋವು?"

"ಸೋಮವಾರ," ಎಂದ ಮಾಸ್ಟರ್ ತಮ್ಮ ಬಾಯಿಂದ ಬಂದದ್ದನ್ನು ತಾವೇ ಕೇಳಿ, ಎಡ ಅಂಗೈಯಿಂದ ಹಣೆ ಚಚ್ಚಿಕೊಂಡರು.

ಮನೆಗೆ ಬಂದ ಮೇಲೆ ಅವರನ್ನು ಅಂಗಡಿಯ ಬಾಗಿಲ ಬಳಿ ಕುರ್ಚಿ ಹಾಕಿ ಕೂರಿಸಿದರು. ಗಿರಾಕಿಗಳು ಬಂದು ಕೋಟು ಯಾವಾಗ ಎಂದು ಕೇಳಿದರು, ಸೋಮವಾರ ಎಂದು ಉತ್ತರ ಬಂತು, ಹೋದರು. ಮಾಸ್ಟರಿಗೆ ಏನೂ ಆಗಿಲ್ಲ, ಮೊದಲಿನ ಹಾಗೇ ಸುಳ್ಳು ಹೇಳುತ್ತಿದ್ದಾರೆ ಎಂದು ಮೂರು ಜನ ಬೀದಿಯಲ್ಲಿ ಸಾಕ್ಷಿ ಹೇಳಿದರು.

ಆದರೆ ಮನೆಯೊಳಗೆ ರೇಡಿಯೊ ಅಕ್ಕನಿಗೆ ತಲೆ ಚಿಟ್ಟು ಹಿಡಿದುಹೋಯಿತು. ನೀರು ಬೇಕಾದರೂ ಸೋಮವಾರ, ನೊಣ ಕೂತರೂ ಸೋಮವಾರ. ಕಾಯಿಲೆಗಿಂತ ಹೆಚ್ಚಾಗಿ ಅವಳನ್ನು ಅರೆದದ್ದು ಬಂದು ಹೋಗುವವರ ವೈದ್ಯ. ಎದುರಿನ ಕ್ಷೌರದಂಗಡಿಯವನು, "ನಾಲಿಗೆ ದಪ್ಪ ಆಗಿರುತ್ತಕ್ಕ, ಬಾಯಿಗೆ ನಾಲ್ಕು ಸಣ್ಣ ಕಲ್ಲು ಹಾಕಿ ಓದಿಸಿ," ಎಂದ. ಅಂಗಡಿಯ ಮೆಷೀನಿನಲ್ಲಿ ಕೂರುವ ಮೈದುನ ತನ್ನ ಅಣ್ಣನ ಕಿವಿಯ ಪಕ್ಕ ಬಗ್ಗಿ, "ಅಣ್ಣಾ! ಊಟ! ಆಯ್ತಾ!" ಎಂದು ಹೊಳೆಯ ಆಚೆ ದಡದವರನ್ನು ಕರೆಯುವಂತೆ ಕೂಗುತ್ತಿದ್ದ.

"ಕಿವಿ ಚೆನ್ನಾಗಿದೆ ಕಣಪ್ಪ. ಕಿವುಡಾಗ್ತಿರೋದು ನಾವು," ಎಂದು ರೇಗಿದಳು ರೇಡಿಯೊ ಅಕ್ಕ.

ಅವಳದೇ ವೈದ್ಯ ಬೇರೆ. ಗಂಡನ ತುಟಿ ಅಲುಗಿತೋ ಇಲ್ಲವೋ, ಶುರು: "ನೀರಾ? ಚಹಾನಾ? ಬೆನ್ನು ಕೆರೀಬೇಕಾ? ಕಿಟಕಿ ಮುಚ್ಲಾ? ಫ್ಯಾನಾ? ಏನ್ರೀ, ಬಾಯಿ ಬಿಟ್ಟು ಹೇಳ್ಬಾರ್ದಾ?" ಏಳನೆಯ ಪ್ರಶ್ನೆಗೆ ಮಾಸ್ಟರ್ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. "ಅಯ್ಯೋ, ನಿದ್ದೆ ಬಂದಿದೆ ಪಾಪ," ಎಂದು ಅವಳು ಹೊದಿಸುತ್ತಿದ್ದಳು. ಅವರಿಗೆ ನಿದ್ದೆ ಬಂದಿರುತ್ತಿರಲಿಲ್ಲ.

ಕೊನೆಗೆ ಆಸ್ಪತ್ರೆಯವರೇ ಚೀಟಿ ಬರೆದು ಎರಡನೆಯ ಮಹಡಿಗೆ ಕಳಿಸಿದರು. ಎಕ್ಸ್‌ರೇ ಕೋಣೆಯ ಪಕ್ಕದ ಪುಟ್ಟ ಕೋಣೆ; ಒಂದು ಮೇಜು, ಮೂರು ಕುರ್ಚಿ, ಒಂದು ಕನ್ನಡಿ, ಒಂದು ಡಬ್ಬಿ ತುಂಬ ಚಿತ್ರದ ಕಾರ್ಡು. ಕೂತಿದ್ದವಳು ಇನ್ನೂ ಚಿಕ್ಕ ವಯಸ್ಸಿನವಳು. ರೇಡಿಯೊ ಅಕ್ಕ ಅವಳನ್ನು ಮಾತಿನ ಡಾಕ್ಟರಮ್ಮ ಎಂದು ಕರೆದಳು. ಆ ಹುಡುಗಿ, "ಡಾಕ್ಟರ್ ಅಲ್ಲ ಅಮ್ಮಾ, ಸ್ಪೀಚ್ ಥೆರಪಿಸ್ಟ್," ಎಂದು ತಿದ್ದಿದಳು. ಆ ತಿದ್ದುಪಡಿ ಅಕ್ಕನ ಕಿವಿಗೆ ಬೀಳಲಿಲ್ಲ.

ಹುಡುಗಿ ಒಂದು ಕಾರ್ಡು ಎತ್ತಿ ಹಿಡಿದಳು. "ಸಾರ್, ಇದೇನು ಹೇಳಿ?"

ಮಾಸ್ಟರ್ ಬಾಯಿ ತೆರೆದರು. ಹಣೆಯ ನರ ಉಬ್ಬಿತು.

"ಕೊಡೆ," ಎಂದಳು ರೇಡಿಯೊ ಅಕ್ಕ.

"ಅಮ್ಮಾ, ನಾನು ಕೇಳಿದ್ದು ಅವರನ್ನ."

"ಅವ್ರಿಗೆ ಗೊತ್ತಮ್ಮ. ನಮ್ಮನೇಲಿ ಎರಡು ಕೊಡೆ ಇವೆ."

ಇನ್ನೊಂದು ಕಾರ್ಡು ಬಂತು. ಮಾಸ್ಟರರ ತುಟಿ ಅಲುಗುವ ಮೊದಲೇ ಅವಳು, "ನಾನು ಹೇಳಲ್ಲಪ್ಪ. ಆದ್ರೂ ಬೀಗದ ಕೈ ತಾನೇ ಅದು?" ಎಂದಳು.

ಹುಡುಗಿ ಕಾರ್ಡು ಕೆಳಗಿಟ್ಟು ಉಸಿರು ಬಿಟ್ಟಳು. "ಒಂದು ಕೆಲ್ಸ ಮಾಡಿ. ಸಾರ್‌ನ ಏನಾದ್ರೂ ಕೇಳಿದ್ರೆ, ಮನಸ್ಸಲ್ಲೇ ಹತ್ತರವರೆಗೆ ಎಣಿಸಿ. ಅಲ್ಲಿವರೆಗೆ ಬಾಯಿ ತೆಗೀಬೇಡಿ."

ಅವತ್ತು ರೇಡಿಯೊ ಅಕ್ಕ ಮುಟ್ಟಿದ್ದು ನಾಲ್ಕನ್ನು.

ಹೊರಡುವ ಮುಂಚೆ ಆ ಹುಡುಗಿ ಅವಳನ್ನು ಕೂರಿಸಿಕೊಂಡು ಹೇಳಿದಳು. "ನಾಲಿಗೆಗೆ ಏನೂ ಆಗಿಲ್ಲ. ಕಿವಿಗೆ ಆಗಿಲ್ಲ. ಬುದ್ಧಿಗಂತೂ ಆಗೇ ಇಲ್ಲ. ಮಿದುಳಲ್ಲಿ ಮಾತು ಹುಡುಕಿ ಕೊಡೋ ಜಾಗಕ್ಕೆ ಪೆಟ್ಟು ಬಿದ್ದಿದೆ. ಅಫೇಸಿಯಾ ಅಂತಾರೆ. ನಿಮ್ಮ ಅಂಗಡಿ ಭಾಷೇಲೇ ಹೇಳ್ತೀನಿ. ಬಟ್ಟೆ ಎಲ್ಲಾ ಕಪಾಟಲ್ಲೇ ಇದೆ. ನೀಲಿ ಬೇಕು ಅಂತ ಕೈ ಹಾಕಿದ್ರೆ, ಪಕ್ಕದ ಖಾನೆಯ ಕಂದು ಬಟ್ಟೆ ಕೈಗೆ ಬರ್ತಿದೆ. ಬಂದದ್ದು ಕಂದು ಅಂತ ಅವರಿಗೂ ಗೊತ್ತಾಗುತ್ತೆ. ಅದೇ ಹಿಂಸೆ."

ಈ ಮಾತು ಅಕ್ಕನಿಗೆ ಬಹಳ ಹಿಡಿಸಿತು. ಸಂಜೆಯೊಳಗೆ ಕ್ಷೌರದಂಗಡಿಯವನಿಗೆ, ಇಸ್ತ್ರಿಯವಳಿಗೆ, ಮನೆಗೆ ಬಂದ ಲೈನ್‌ಮನ್‌ಗೆ ಹೇಳಿ ಮುಗಿಸಿದಳು. ಮೂರನೆಯವನ ಹತ್ತಿರ ಬರುವಷ್ಟರಲ್ಲಿ ನೀಲಿ ಹಸಿರಾಗಿತ್ತು. ಅರ್ಥ ಎಷ್ಟು ಒಳಗೆ ಇಳಿದಿತ್ತೋ ಬೇರೆ ಮಾತು.

ಒಂದು ತಿಂಗಳು ಕಳೆಯಿತು. "ಚಹಾ" ಬಂತು. ಹೌದು ಎನ್ನಬೇಕಾದಲ್ಲಿ ತಲೆಯಾಡಿಸುವುದು ನೆಟ್ಟಗಾಯಿತು. ಒಂದು ದಿನ ಆ ಹುಡುಗಿ, "ಸಾರ್, ನನ್ನ ಜೊತೆ ಎಣಿಸಿ," ಎಂದು ಒಂದು, ಎರಡು, ಮೂರು ಎಂದು ಶುರುಮಾಡಿದಳು. ಮಾಸ್ಟರ್ ಸೇರಿಕೊಂಡರು. ಹನ್ನೆರಡರ ಹತ್ತಿರ ಅವಳು ನಿಲ್ಲಿಸಿದಳು, ಅವರು ನಿಲ್ಲಲಿಲ್ಲ. ಇಳಿಜಾರಿನಲ್ಲಿ ಬಿಟ್ಟ ಸೈಕಲ್ಲಿನಂತೆ ಐವತ್ತರವರೆಗೆ ಹೋದರು. ಅದೇ ದನಿ, ಅಳತೆ ಕೂಗುವ ದನಿ.

"ಬಂತು! ಬಂತು ನೋಡಿ!" ಎಂದು ರೇಡಿಯೊ ಅಕ್ಕ ಕುರ್ಚಿಯಿಂದ ಎದ್ದೇಬಿಟ್ಟಳು. "ಇನ್ನೇನು ಬೇಕು! ನಮ್ಮ ಅಂಗಡಿಗೆ ಬೇಕಾದ್ದು ಅಂಕೀನೇ!"

"ಅಮ್ಮಾ, ಪೂರ್ತಿ ಕೇಳಿ. ಸಾಲಾಗಿ ಎಣಿಸೋದು ಬಾಯಿಪಾಠ ಇದ್ದ ಹಾಗೆ. ಒಂದರ ಬಾಲ ಹಿಡ್ಕೊಂಡು ಒಂದು ತಾನಾಗೇ ಬರುತ್ತೆ. ಬೇಕಾದ ಒಂದೇ ಅಂಕಿ ಹೆಕ್ಕಿ ಹೇಳೋದು ಬೇರೆ..."

ಕೇಳಲು ಕೋಣೆಯಲ್ಲಿ ಅವಳಿರಲಿಲ್ಲ. ಎಕ್ಸ್‌ರೇ ಕೋಣೆಯ ಮುಂದೆ ಕೂತಿದ್ದ ಜವಾನನಿಗೆ ಐವತ್ತರವರೆಗೆ ಎಣಿಸಿ ತೋರಿಸುತ್ತಿದ್ದಳು.

ಅದೇ ವಾರ ಬ್ಯಾಂಡಿನವರು ಬಂದರು. ಊರಿನ ವಾದ್ಯದ ತಂಡ, ಒಂಬತ್ತು ಜನ. ಮೈದಾನದಲ್ಲಿ ದೊಡ್ಡ ಕಾರ್ಯಕ್ರಮವಿದೆ, ಒಂಬತ್ತು ಕಡುನೀಲಿ ಕೋಟು ಆಗಬೇಕು, ಬಟ್ಟೆ ನಾವೇ ತಂದಿದ್ದೇವೆ ಎಂದರು. ಮೈದುನ ಅತ್ತಿಗೆಯನ್ನು ಮೆಷೀನಿನ ಪಕ್ಕಕ್ಕೆ ಕರೆದ.

"ಅತ್ತಿಗೆ, ಇದು ನಮ್ಮ ಕೈಲಾಗೋ ಕೆಲ್ಸ ಅಲ್ಲ. ಪಕ್ಕದ ಬೀದಿಯ ಕಟರ್‌ನ ಕರೆಯೋಣ. ಅಣ್ಣನ ಟೇಬಲ್ ಎಷ್ಟು ದಿನ ಖಾಲಿ ಬಿಡೋದು?"

"ಖಾಲಿ ಯಾಕೆ? ನಿಮ್ಮಣ್ಣ ಅಳೀತಾರೆ, ನಾನು ಬರೀತೀನಿ, ಕೈ ಸೋತ್ರೆ ನೀನು ಕತ್ತರಿಸು. ಅಂಕಿ ಬಂದಿದೆ ಕಣೋ, ಐವತ್ತರವರೆಗೆ!"

ಮಾಸ್ಟರ್ ಕತ್ತಿಗೆ ಟೇಪು ಹಾಕಿಕೊಂಡು ಎದ್ದು ನಿಂತರು. ಅವಳು ಗೋಡೆಗೆ ತಿರುಗಿ ಪುಸ್ತಕ ತೆರೆದಳು. ಬೆನ್ನ ಹಿಂದಿನಿಂದ ದನಿ ಬಂತು: "ಮೂವತ್ತು. ಹದಿನೇಳು. ಮೂವತ್ತೆಂಟು." ತಡವರಿಕೆಯಿಲ್ಲ, ಸೋಮವಾರವಿಲ್ಲ. ಅವಳ ಕಣ್ಣು ತುಂಬಿ ಗೋಡೆಯ ಸುಣ್ಣ ಮಸುಕಾಯಿತು. ನಿಜ ಹೇಳಬೇಕೆಂದರೆ ಅವಳು ಕೇಳುತ್ತಿದ್ದುದು ದನಿಯನ್ನು, ಬರೆಯುತ್ತಿದ್ದುದು ಅಂಕಿಯನ್ನು. ಮಾಸ್ಟರ್ ನಡುನಡುವೆ ನಿಲ್ಲುತ್ತಿದ್ದರು, ಗಂಟಲಲ್ಲಿ ಏನೋ ಗೊರಗೊರ ಎನ್ನುತ್ತಿದ್ದರು. ಅವಳು ತಿರುಗದೆಯೇ, "ಬರ್ಕೊಂಡೆ ರೀ, ಮುಂದೆ," ಎನ್ನುತ್ತಿದ್ದಳು. ಒಂಬತ್ತು ಜನರೂ ಒಂದು ಗಂಟೆಯಲ್ಲಿ ಮುಗಿದರು.

ಬಟ್ಟೆ ದಪ್ಪ, ಕತ್ತರಿ ಹಿಡಿದದ್ದು ಮೈದುನ. ಅವನು ನೋಡಿದ್ದು ಪುಸ್ತಕವನ್ನು ಮಾತ್ರ. ಆರನೆಯ ನಂಬರಿನ ತುಂಡುಗಳು ಟೇಬಲ್ಲಿನ ಮೇಲೆ ಬಿದ್ದಿದ್ದಾಗ ಮಾಸ್ಟರ್ ಹತ್ತಿರ ಬಂದರು. ಬೆನ್ನಿನ ತುಂಡನ್ನು ಎತ್ತಿ ಹಿಡಿದು ನೋಡಿದರು. ಎರಡೂ ತೋಳನ್ನು ಅಗಲಕ್ಕೆ ಚಾಚಿದರು.

"ಸೋಮವಾರ," ಎಂದರು. "ಸೋಮವಾರ! ಸೋಮವಾರ!"

"ಬುಧವಾರ ರೀ," ಎಂದಳು ರೇಡಿಯೊ ಅಕ್ಕ, ಗುಂಡಿಯ ಡಬ್ಬಿಯಿಂದ ತಲೆಯೆತ್ತದೆ. "ಟ್ರಯಲ್ ಇರೋದು ಬುಧವಾರ."

ಮಾಸ್ಟರ್ ಟೇಬಲ್ಲು ಗುದ್ದಿದರು. ತುಂಡುಗಳನ್ನೆಲ್ಲ ಬಾಚಿ ನೆಲಕ್ಕೆ ತಳ್ಳಿದರು.

"ನೋಡಿ ಅತ್ತಿಗೆ, ಇದು!" ಎಂದ ಮೈದುನ, ಬಗ್ಗಿ ಆರಿಸಿಕೊಳ್ಳುತ್ತ.

"ಸುಸ್ತಾಗಿದೆ ನಿಮಗೆ. ನಡೀರಿ ಮನೆಗೆ, ಮಲ್ಕೊಳ್ಳಿ," ಎಂದು ಅವಳು ಗಂಡನ ತೋಳು ಹಿಡಿದು ಕರೆದುಕೊಂಡು ಹೋದಳು. ಮನೆಯವರೆಗೂ ಬೈದಳು. ಅವರು ಎರಡು ಸಲ ತಿರುಗಿ ಅಂಗಡಿಯತ್ತ ಕೈ ತೋರಿಸಿದರು. ಅವಳು ಎರಡು ಸಲವೂ, "ಬೀಗ ಅವ್ನು ಹಾಕ್ತಾನೆ, ನೀವು ನಡೀರಿ," ಎಂದಳು.

ಬುಧವಾರ ಒಂಬತ್ತು ಜನ ಕೋಟು ತೊಟ್ಟರು. ತುತ್ತೂರಿಯವನ ತೋಳು ಬೆರಳ ತುದಿ ದಾಟಿತ್ತು. ಕಡ್ಡಿಯಂಥ ಕ್ಲಾರಿನೆಟ್ಟಿನವನ ಕೋಟಿನೊಳಗೆ ಇನ್ನೊಬ್ಬನಿಗೆ ಬಾಡಿಗೆಗೆ ಜಾಗ ಕೊಡಬಹುದಿತ್ತು. ದೊಡ್ಡ ಡ್ರಮ್ಮಿನವನು ಆರನೆಯ ನಂಬರು, ಬಾಗಿಲಷ್ಟು ಅಗಲದ ಆಸಾಮಿ. ಒಂದು ತೋಳು ಹಾಕಿದ, ಇನ್ನೊಂದು ತೋಳು ಬೆನ್ನ ಹಿಂದೆ ಎಲ್ಲೋ ಉಳಿಯಿತು. ಇಬ್ಬರು ಸೇರಿ ಎಳೆದರು. ಬೆನ್ನಿನ ಹೊಲಿಗೆ ಚರ್ರೆಂದಿತು.

"ಏನಕ್ಕ ಇದು?" ಎಂದ ಬ್ಯಾಂಡಿನ ಯಜಮಾನ. "ಅಳತೆ ತೆಗೆದದ್ದು ನಮ್ದೋ, ನಮ್ಮ ವಾದ್ಯದ್ದೋ?"

ಎಲ್ಲರೂ ನಕ್ಕರು. ಮೈದುನ ನಗಲಿಲ್ಲ. ಪುಸ್ತಕ ತಂದು ಅತ್ತಿಗೆಯ ಮುಂದೆ ಹಿಡಿದ. "ಈ ಮನುಷ್ಯನ ಎದೆ ಮೂವತ್ತೆಂಟಂತೆ. ನಿಮ್ಮದೇ ಅಕ್ಷರ." ಆಮೇಲೆ ಅಣ್ಣ ಅಲ್ಲೇ ನಿಂತಿರುವಾಗ, ಅಲ್ಲಿರುವುದು ಒಂದು ಕುರ್ಚಿಯೇನೋ ಎಂಬಂತೆ ಹೇಳಿದ: "ಅಣ್ಣನ ತಲೆ ಹೋಗಿದೆ ಅತ್ತಿಗೆ. ಒಪ್ಕೊಳ್ಳಿ. ಶನಿವಾರದಿಂದ ಆ ಕಟರ್ ಬಂದು ಟೇಬಲ್ ಹಿಡೀತಾನೆ. ನಾನು ಮಾತಾಡ್ತೀನಿ. ಅಣ್ಣ ಮನೇಲಿರ್ಲಿ."

ಗಂಡನ ಪರವಾಗಿ ಅವಳು ಬಾಯಿ ತೆರೆಯಬೇಕಾದ ಗಳಿಗೆ ಅದು. ತೆರೆದಳು. ಆದರೆ ಬಂದದ್ದು ಬೇರೆ.

"ಏನ್ರೀ ನೀವು! ಕೂಗೋ ಹಾಗಿದ್ರೆ ಸರಿಯಾಗಿ ಕೂಗ್ಬೇಕು, ಆಗಲ್ಲ ಅಂದ್ರೆ ಆಗಲ್ಲ ಅನ್ಬೇಕು! ನನ್ನ ಮರ್ಯಾದೆ ಬೀದಿಗೆ ತಂದ್ರಲ್ಲ! ಹಲ್ಲು ಕಚ್ಕೊಂಡು ಎಷ್ಟು ದಿನ ಸಹಿಸ್ಲಿ ನಾನು?"

ಮಾಸ್ಟರ್ ಅವಳನ್ನು ನೋಡಿದರು. ಕತ್ತಿನ ಟೇಪನ್ನು ತೆಗೆದರು. ಕೆಲಸದ ಹೊತ್ತಿನಲ್ಲಿ, ಅಳತೆಗಲ್ಲದೆ ಅದು ಆ ಕತ್ತಿನಿಂದ ಇಳಿದದ್ದನ್ನು ಅವಳು ಕಂಡಿರಲಿಲ್ಲ. ಸುರುಳಿ ಸುತ್ತಿ ಟೇಬಲ್ಲಿನ ಮೇಲಿಟ್ಟು ಮನೆಗೆ ನಡೆದರು. ಅವತ್ತು ಊಟಕ್ಕೂ ಏಳಲಿಲ್ಲ.

ಮರುದಿನ ರೇಡಿಯೊ ಅಕ್ಕ ಆ ಟೇಪನ್ನು ಚೀಲಕ್ಕೆ ಹಾಕಿಕೊಂಡು ಎರಡನೆಯ ಮಹಡಿಯ ಕೋಣೆಗೆ ಗಂಡನನ್ನು ಎಳೆದುಕೊಂಡು ಹೋದಳು. ಸಿಟ್ಟೆಲ್ಲ ಆ ಹುಡುಗಿಯ ಮೇಲೆ. "ಅಂಕಿ ಬಂದಿದೆ ಅಂದ್ರಿ. ನಂಬ್ಕೊಂಡು ಒಂಬತ್ತು ಕೋಟು ಹಾಳು ಮಾಡ್ಕೊಂಡ್ವಿ. ಶನಿವಾರ ಇವ್ರ ಟೇಬಲ್ ಇನ್ನೊಬ್ಬನ ಪಾಲಾಗುತ್ತೆ. ಈ ಮನುಷ್ಯನಿಗೆ ಆ ಟೇಬಲ್ ಬಿಟ್ರೆ ಬೇರೆ ಏನಿದೆ ಹೇಳಿ?"

ಹುಡುಗಿ ತಾನು ಹಾಗೆ ಅಂದಿಲ್ಲ ಎಂದು ವಾದಿಸಲಿಲ್ಲ. ಅಕ್ಕನ ಚೀಲದಿಂದ ಟೇಪು ತೆಗೆಸಿ ಮಾಸ್ಟರ್ ಮುಂದಿಟ್ಟಳು. "ಸಾರ್, ಈ ಮೇಜಿನ ಅಗಲ ಅಳೀರಿ. ಎಷ್ಟಿದೆಯೋ ಅಲ್ಲಿ ಬೆರಳಿಡಿ. ಆಮೇಲೆ ಬಾಯಲ್ಲಿ ಹೇಳಿ." ಅಕ್ಕನನ್ನು ತನ್ನ ಪಕ್ಕಕ್ಕೆ, ಟೇಪು ಕಾಣುವಂತೆ ಕೂರಿಸಿಕೊಂಡಳು.

ಮಾಸ್ಟರ್ ಅಳೆದರು. ಬೆರಳು ಇಟ್ಟದ್ದು ಇಪ್ಪತ್ತೆಂಟರ ಗೆರೆಯ ಮೇಲೆ, ಕೂದಲೆಳೆಯಷ್ಟೂ ಆಚೀಚೆಯಿಲ್ಲ. ಬಾಯಿ ಹೇಳಿತು: "ಮೂವತ್ತಾರು." ಹೇಳಿದ ತಕ್ಷಣ ಮುಖ ಕಿವುಚಿಕೊಂಡರು, ತಲೆಯಾಡಿಸಿದರು, ಮತ್ತೆ ಯತ್ನಿಸಿದರು. "ಮೂವತ್ತೆರಡು." ಬೆರಳು ಮಾತ್ರ ಇಪ್ಪತ್ತೆಂಟರ ಮೇಲೆ ಮೊಳೆ ಹೊಡೆದ ಹಾಗೆ ಕೂತಿತ್ತು.

ಮೂರು ಸಲ ಹಾಗೇ ಆಯಿತು: ಮೇಜು, ಕುರ್ಚಿ, ಕನ್ನಡಿ. ಬೆರಳು ಸರಿ, ಬಾಯಿ ತಪ್ಪು.

"ನೋಡಿದ್ರಾ ಅಮ್ಮಾ? ಅಳತೆ ತಪ್ಪಿಲ್ಲ. ಅಳತೆಗೆ ಹೆಸರು ಹುಡುಕೋ ಕಡೆ ತಪ್ಪುತ್ತೆ. ಗಿರಾಕಿಗಳನ್ನ ಅಳೀವಾಗ ಟೇಪಲ್ಲಿ ಎಷ್ಟಿತ್ತು?"

"ನಾನು... ಗೋಡೆ ಕಡೆ ತಿರುಗಿರ್ತೀನಿ."

ಹುಡುಗಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಗು ಬಂತು, ತಡೆದುಕೊಂಡಳು. "ಸರಿ. ಕತ್ತರಿಸಿದ ಮೇಲೆ ಸಾರ್ ಬಟ್ಟೆ ನೋಡಿದ್ರಾ? ಏನೂ ಹೇಳಲಿಲ್ವಾ?"

ರೇಡಿಯೊ ಅಕ್ಕ ಉತ್ತರ ಕೊಡಲು ಬಾಯಿ ತೆರೆದಳು. ಮುಚ್ಚಿದಳು. ಚಾಚಿದ ಎರಡು ತೋಳು, ಗುದ್ದಿದ ಟೇಬಲ್ಲು, ದಾರಿಯಲ್ಲಿ ಎರಡು ಸಲ ತಿರುಗಿ ತೋರಿಸಿದ ಕೈ. ಪಕ್ಕದಲ್ಲಿ ಮಾಸ್ಟರ್ ಟೇಪಿನ ಸುರುಳಿ ಸುತ್ತುತ್ತಿದ್ದರು.

"ಹೇಳಿದ್ರು," ಎಂದಳು. ಅವಳ ಜೀವಮಾನದ ಅತಿ ಚಿಕ್ಕ ಉತ್ತರ ಅದೇ ಇರಬೇಕು.

"ಹಾಗಿದ್ರೆ ಅಂಕಿಯ ಹೆಸರು ಬೇಡದ ದಾರಿ ಒಂದು ಬೇಕು."

"ಯಾವ ದಾರಿ?"

"ನನಗೇನು ಗೊತ್ತು ಅಮ್ಮಾ, ನನಗೆ ಗುಂಡಿ ಹಚ್ಚೋಕೂ ಬರಲ್ಲ. ಅವರನ್ನ ಕೇಳಿ. ಕೇಳಿ ಸುಮ್ನಿರಿ."

ಅಂಗಡಿಗೆ ಬಂದು ನೋಡಿದರೆ ಪರಿಸ್ಥಿತಿ ಹೀಗಿತ್ತು: ಮೂರು ಕೋಟು ಹೇಗೋ ಸರಿಯಾಗಿದ್ದವು, ಐದನ್ನು ಒಳಗಿನ ಅಂಚು ಬಿಚ್ಚಿಯೋ ಹಿಡಿದೋ ಸರಿಪಡಿಸಬಹುದಿತ್ತು. ಡ್ರಮ್ಮಿನವನದಕ್ಕೆ ಮಾತ್ರ ಹೊಸದಾಗಿ ಕತ್ತರಿಸುವುದೊಂದೇ ದಾರಿ. ಉಳಿದದ್ದು ಒಂದೇ ತುಂಡು ಬಟ್ಟೆ, ಒಂದು ಕೋಟಿಗೆ ಸರಿಯಾಗಿ ಸಾಲುವಷ್ಟು. ಅಂಥ ಬಟ್ಟೆ ಈಗ ಬರುವುದಿಲ್ಲ ಎಂದಿದ್ದ ಬ್ಯಾಂಡಿನ ಯಜಮಾನ.

"ಅದನ್ನ ಕಟರ್‌ಗೆ ಇಟ್ಟಿದ್ದೀನಿ," ಎಂದ ಮೈದುನ.

"ಕಟರ್ ಶನಿವಾರ ಬರ್ಲಿ. ಇವತ್ತು ಇನ್ನೂ ಗುರುವಾರ," ಎಂದ ರೇಡಿಯೊ ಅಕ್ಕ ಡ್ರಮ್ಮಿನವನಿಗೆ ನಾಳೆ ಬೆಳಿಗ್ಗೆ ಬಾ ಎಂದು ಹೇಳಿಕಳಿಸಿದಳು.

ಅವನು ಬಂದ. ಅವಳು ಹಲಗೆಯ ಹತ್ತಿರ ಹೋಗದೆ ಅವನ ಎದುರಿಗೇ ನಿಂತಳು. ಅವನು ಥಟ್ಟನೆ ಉಸಿರೆಳೆದು ಹೊಟ್ಟೆಯನ್ನು ಒಳಕ್ಕೆ ತೆಗೆದುಕೊಂಡ.

"ಅಕ್ಕ, ನೀವು ಆ ಕಡೆ ತಿರುಗಿ."

"ತಿರುಗಿದ್ದಕ್ಕೇ ಈ ಗತಿ ಬಂದದ್ದು. ನೀನು ಹೊಟ್ಟೆ ಬಿಡಪ್ಪ."

"ಇದೇ ನನ್ನ ಹೊಟ್ಟೆ ಅಕ್ಕ."

"ಡ್ರಮ್ಮು ಕತ್ತಿಗೆ ಹಾಕೊಂಡಾಗ ಕಾಣೋ ಹೊಟ್ಟೆ ಬಿಡು ಅಂದೆ."

ಬಿಟ್ಟ. ಮಾಸ್ಟರ್ ಎದೆಗೆ ಟೇಪು ಸುತ್ತಿದರು. ರೇಡಿಯೊ ಅಕ್ಕ ಬಗ್ಗಿ ಓದತೊಡಗಿದಳು. "ನಲವತ್ತ... ಅಲ್ಲಾಡಬೇಡ... ನಲವತ್ತೈದು, ಅಯ್ಯೋ ಇದು ಹಿಂದಿನ ಗೆರೆನಾ ಮುಂದಿನದಾ, ಉಸಿರು ಬಿಟ್ರೆ ನಲವತ್ತೇಳಾಗುತ್ತೆ, ನಲವತ್ತಾರು ಅಂತ ಬರೀಲಾ ರೀ, ಅಥ್ವಾ..."

ಮಾಸ್ಟರ್ ಟೇಪನ್ನು ಕಿತ್ತುಕೊಂಡರು. ಟೇಬಲ್ಲಿನ ಮೇಲೆಸೆದರು.

"ಏನ್ರೀ! ನಿಮಗೋಸ್ಕರ ತಾನೇ ನಾನು..."

ಅವರು ಅಂಗೈ ಎತ್ತಿ ಅವಳ ಮುಖದ ಮುಂದೆ ಹಿಡಿದರು. ಆ ಕಣ್ಣುಗಳಲ್ಲಿದ್ದದ್ದು ಕಾಯಿಲೆಯಲ್ಲ. ಇಪ್ಪತ್ತಾರು ವರ್ಷದ ರೋಸಿದ ಬೇಸರ. ರೇಡಿಯೊ ಅಕ್ಕ ಎಣಿಸತೊಡಗಿದಳು. ಒಂದು, ಎಂದುಕೊಂಡಳು. ಎರಡು. ಮೂರು. ಡ್ರಮ್ಮಿನವನು ಕೆಮ್ಮಿದ. ಐದು. ಗಂಟಲಲ್ಲಿ ಒಂದು ವಾಕ್ಯ ಇರುವೆಯಂತೆ ಹರಿದಾಡಿತು. ಏಳು. ಮಾಸ್ಟರ್ ಟೇಬಲ್ಲಿನ ಕೆಳಗೆ ಬಗ್ಗಿದರು. ಹತ್ತಾಯಿತು, ಹನ್ನೊಂದಕ್ಕೆ ಏನು ಮಾಡಬೇಕೆಂದು ಆ ಹುಡುಗಿ ಹೇಳಿರಲಿಲ್ಲ. ಅವಳು ಹೊಸದಾಗಿ ಒಂದರಿಂದ ಶುರುಮಾಡಿದಳು.

ಮಾಸ್ಟರ್ ಎದ್ದಾಗ ಕೈಯಲ್ಲಿ ಬಟ್ಟೆ ಸುತ್ತಿ ಬಂದಿದ್ದ ಕಂದು ಕಾಗದವಿತ್ತು. ಎರಡು ಬೆರಳಗಲದ ಉದ್ದನೆಯ ಪಟ್ಟಿ ಕತ್ತರಿಸಿಕೊಂಡರು. ಒಂದು ತುದಿಯನ್ನು ಡ್ರಮ್ಮಿನವನ ಕತ್ತಿನ ಬುಡಕ್ಕೆ ಒತ್ತಿಹಿಡಿದು ಬೆನ್ನ ಮೇಲೆ ಇಳಿಬಿಟ್ಟರು. ಕೋಟಿನ ಉದ್ದ ಬಂದ ಕಡೆ ಪಟ್ಟಿಯ ಅಂಚಿಗೆ ಕತ್ತರಿಯಿಂದ ಒಂದು ಕಚ್ಚು. ಅದೇ ತುದಿಯಿಂದ ಭುಜ, ಎರಡು ಕಚ್ಚು. ಪಟ್ಟಿಯನ್ನು ಎದೆಗೆ ಸುತ್ತಿದರು, ಮೂರು ಕಚ್ಚು. ಸೊಂಟ, ತೋಳು, ಕತ್ತು, ಅದೇ ವರಸೆ. ಅಂಕಿಯಿಲ್ಲ, ಅಕ್ಷರವಿಲ್ಲ, ದನಿಯಿಲ್ಲ. ಕಾಗದದ ಚರಚರ ಮಾತ್ರ.

ಮೆಷೀನಿನ ಸದ್ದು ನಿಂತಿತ್ತು. ಮೈದುನ ಎದ್ದು ಬಂದಿದ್ದ.

"ಅಪ್ಪ," ಎಂದ ಅವನು, ಮೆಲ್ಲಗೆ. "ಅಪ್ಪ ಹೀಗೇ ಮಾಡ್ತಿದ್ರು ಅತ್ತಿಗೆ. ಅವರಿಗೆ ಓದೋಕೆ ಬರ್ತಿರಲಿಲ್ಲ. ಗಿರಾಕಿಗೊಂದು ಪಟ್ಟಿ, ಮೊಳೆಗೆ ತೂಗಾಕಿರೋರು. ನಾವಿಬ್ರೂ ಚಿಕ್ಕವರಿದ್ವಿ." ಆ ಮಾವನನ್ನು ಅವಳು ನೋಡಿರಲಿಲ್ಲ, ಅವಳು ಮನೆಗೆ ಬರುವ ಮೊದಲೇ ತೀರಿಹೋಗಿದ್ದರು.

ಮಾಸ್ಟರ್ ಪಟ್ಟಿಯನ್ನು ಮೂರು ಕಚ್ಚಿನವರೆಗೆ ಎರಡಾಗಿ ಮಡಿಸಿದರು, ನಾಲ್ಕಾಗಿ ಮಡಿಸಿದರು. ಅರ್ಧ, ಕಾಲು, ಎಲ್ಲ ಮಡಿಕೆಯಲ್ಲೇ ಇತ್ತು. ಉಳಿದ ಬಟ್ಟೆಗೆ ಕೈ ಚಾಚಿದರು.

"ಅತ್ತಿಗೆ," ಎಂದ ಮೈದುನ, "ಇರೋದೊಂದೇ ತುಂಡು. ಕೈ ನಡುಗಿದ್ರೆ ಮುಗೀತು. ನೀವೇ ಹೇಳಿ."

ಬಟ್ಟೆ ಅವಳ ತೋಳಿನ ಮೇಲಿತ್ತು. ಹೇಳಲು ಎಷ್ಟಿತ್ತು! ಹುಷಾರು ರೀ. ನಿಧಾನ ರೀ. ಬೇಕಾದ್ರೆ ನಾಳೆ ಮಾಡಿ. ಅವನ ಕೈಲಿ ಕೊಡ್ಲಾ? ಒಂದನ್ನೂ ಹೇಳದೆ ಬಟ್ಟೆಯನ್ನು ಟೇಬಲ್ಲಿನ ಮೇಲೆ ಹರಡಿ, ಗೆರೆ ಸರಿ ಮಾಡಿ, ಹಿಂದೆ ಸರಿದಳು.

ಒಂದೂವರೆ ಗಂಟೆ ಹಿಡಿಯಿತು. ಮೊದಲಾಗಿದ್ದರೆ ಕಾಲು ಗಂಟೆಯ ಕೆಲಸ. ಮಾಸ್ಟರ್ ಎಡಗೈಯಿಂದ ಬಲಗೈಗೆ ಆಸರೆ ಕೊಟ್ಟು, ಅಂಗುಲಂಗುಲವಾಗಿ ಕತ್ತರಿ ನಡೆಸಿದರು. ಕಂಕುಳಿನ ತಿರುವಿನಲ್ಲಿ ಕೈ ಸೋತು ನಿಂತಿತು. ಕತ್ತರಿಯ ಅಲಗು ಬಟ್ಟೆಯೊಳಗೇ ಕಚ್ಚಿಕೊಂಡಿತ್ತು. ಮೈದುನ ಹೋಗಿ ಬಟ್ಟೆಯ ಭಾರವನ್ನು ತನ್ನ ಎರಡು ಅಂಗೈಗಳ ಮೇಲೆ ಎತ್ತಿ ಹಿಡಿದ. ಏನೂ ಕೂಗಲಿಲ್ಲ. ಕತ್ತರಿ ಮುಂದೆ ಸಾಗಿತು. ರೇಡಿಯೊ ಅಕ್ಕ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ನಿಂತಿದ್ದಳು; ಆಮೇಲೆ ನೋಡಿದರೆ ಅದು ತೂತಾಗಿತ್ತು.

ಸಂಜೆಯೊಳಗೆ ಮೈದುನ ಹೊಲಿದು ಮುಗಿಸಿದ.

ಶನಿವಾರ ಬೆಳಿಗ್ಗೆ ಪಕ್ಕದ ಬೀದಿಯ ಕಟರ್ ತನ್ನ ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದಾಗ ಡ್ರಮ್ಮಿನವನು ಕನ್ನಡಿಯ ಮುಂದೆ ಕೋಟು ತೊಡುತ್ತಿದ್ದ. ಕಟರ್ ಬಾಗಿಲಲ್ಲೇ ನಿಂತ. ಎರಡು ತೋಳೂ ಒಳಗೆ ಹೋದವು. ಗುಂಡಿ ಬಿತ್ತು. ಡ್ರಮ್ಮಿನವನು ಹೊಟ್ಟೆಯನ್ನು ಇದ್ದ ಹಾಗೇ ಬಿಟ್ಟು, ಎರಡೂ ಕೈಯೆತ್ತಿ ಗಾಳಿಯಲ್ಲಿ ಧಡಧಡ ಬಾರಿಸಿದ. ಕೋಟಿನ ಕೆಳಗಿನ ಅಂಚು ಒಂದು ಅಂಗುಲವೂ ಮೇಲೇರಲಿಲ್ಲ.

ಕಟರ್ ಹತ್ತಿರ ಬಂದು ಕಂಕುಳಿನ ತಿರುವಿಗೆ ಬೆರಳಿಟ್ಟು ನೋಡಿದ. ಕಸುಬು ಬಲ್ಲವನು. "ಇದನ್ನ ಕತ್ತರಿಸಿದ್ಯಾರು?" ಎಂದ.

ಉತ್ತರ ರೇಡಿಯೊ ಅಕ್ಕನ ನಾಲಿಗೆಯ ತುದಿಗೆ ಬಂದು ಕೂತಿತ್ತು. ಬಟ್ಟೆ, ಪಟ್ಟಿ, ಮಾವ, ಆಸ್ಪತ್ರೆ, ಬುಧವಾರ, ಎಲ್ಲ ಸೇರಿ ಅರ್ಧ ಗಂಟೆಯ ಉತ್ತರ. ಮೈದುನ ಅವಳ ಮುಖ ನೋಡಿದ. ಅವಳು ಬಾಯಿಗೆ ಬೀಗ ಹಾಕಿಕೊಂಡು ಡ್ರಮ್ಮಿನವನ ಭುಜದ ಮೇಲಿನ ದಾರದ ಎಳೆಯೊಂದನ್ನು ಕೀಳತೊಡಗಿದಳು. ಕಟರ್ ಒಬ್ಬೊಬ್ಬರನ್ನಾಗಿ ನೋಡಿದ.

ಮಾಸ್ಟರರ ತುಟಿ ಎರಡು ಸಲ ಅಲುಗಿತು. ಯಾವ ಪದವೂ ಕೈಗೆ ಸಿಗಲಿಲ್ಲವೇನೋ. ಅವರು ಬಲಗೈಯನ್ನು ನಿಧಾನವಾಗಿ ಎತ್ತಿ ತಮ್ಮ ಎದೆಯ ಮೇಲಿಟ್ಟುಕೊಂಡರು.

"ಬೆನ್ನಿಗೆ ಎಷ್ಟು ಸಡಿಲ ಬಿಟ್ರಿ ಮಾಸ್ಟ್ರೇ?" ಕಟರ್ ಕೇಳಿದ್ದು ಅವರನ್ನೇ.

ಮಾಸ್ಟರ್ ಪಟ್ಟಿಯನ್ನು ತೆಗೆದು, ಮಡಿಸಿ, ಹೆಬ್ಬೆರಳಿನ ಉಗುರಿನಿಂದ ಒಂದು ಗೀರು ಎಳೆದು ತೋರಿಸಿದರು. ಕಟರ್ ಬಗ್ಗಿ ನೋಡಿ ತಲೆದೂಗಿದ. ಆಮೇಲೆ ಮೈದುನನ ಕಡೆ ತಿರುಗಿದ. "ಇವರಿದ್ದ ಮೇಲೆ ನನ್ನ ಯಾಕೆ ಕರೆಸಿದ್ರಿ?"

ಮೈದುನ ಮೆಷೀನಿನ ಮೇಲಿದ್ದ ಎಣ್ಣೆಯ ಕ್ಯಾನನ್ನು ಎತ್ತಿ, ನೋಡಿ, ಅಲ್ಲೇ ಇಟ್ಟ. "ತಪ್ಪಾಯ್ತು. ಚಹಾ ಕುಡ್ಕೊಂಡು ಹೋಗಿ," ಎಂದ.

ಉಳಿದ ಐದು ಕೋಟಿನವರು ಹೊರಗೆ ಕಾಯುತ್ತಿದ್ದರು. ಮಾಸ್ಟರ್ ಕತ್ತಿಗೆ ಟೇಪು ಹಾಕಿಕೊಂಡು, ಕಾಗದ ಕತ್ತರಿಸಿಕೊಂಡು, ಕ್ಲಾರಿನೆಟ್ಟಿನವನಿಗೆ ಬಾ ಎಂದು ಬೆರಳಾಡಿಸಿದರು. ಬರೆಯುವುದಕ್ಕೆ ಏನೂ ಇರಲಿಲ್ಲ. ರೇಡಿಯೊ ಅಕ್ಕ ಎರಡು ನಿಮಿಷ ನಿಂತಳು. ಕೆನ್ನೆ ಬಿಗಿದು ನೋಯುತ್ತಿತ್ತು. ಆಮೇಲೆ ಮೆಟ್ಟಿಲಿಳಿದು, ಬೀದಿ ದಾಟಿ, ಕ್ಷೌರದಂಗಡಿಗೆ ನುಗ್ಗಿ ಖಾಲಿ ಕುರ್ಚಿಯಲ್ಲಿ ಕೂತಳು.

"ಬೇಗ ಹೇಳಕ್ಕ," ಎಂದ ಕ್ಷೌರದವನು, ರೇಜರ್ ಎತ್ತಿ ಹಿಡಿದು. "ಗಿರಾಕಿ ಮುಖದ ಮೇಲೆ ನೊರೆ ಒಣಗ್ತಿದೆ."

"ಒಣಗ್ಲಿ," ಎಂದಳು ರೇಡಿಯೊ ಅಕ್ಕ.